ಎಲ್ಲರದ್ದೂ ಆದದ್ದನ್ನು ನಡೆಸುವವರು ಯಾರು?

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2005ನೇ ಸಾಲಿನಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು. ಆಮೇಲೆ ಪಿಯುಸಿ, ಬಿ.ಇ. ಓದಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಾಫ್ಟ್‌ವೇರ್‌ನವನು ಊರಿಗೆ ಬಂದರೆ ಎರಡು ಪ್ರಶ್ನೆ ಖಾಯಂ. ಒಂದು, "ಸಂಬಳ ಎಷ್ಟಪ್ಪ?" ಇನ್ನೊಂದು, "ನಮ್ಮ ಹುಡುಗನಿಗೂ ಏನಾದರೂ ನೋಡು." ಇವತ್ತು ಆ ಎರಡಕ್ಕೂ ಉತ್ತರ ಹೇಳುವುದಿಲ್ಲ. ನನ್ನ ಕೆಲಸದ ನಡುವೆ ಹತ್ತು ವರ್ಷಗಳಿಂದ ನೋಡುತ್ತಾ ಬಂದಿರುವ ಬೇರೊಂದು ಸಂಗತಿ ಹೇಳುತ್ತೇನೆ. ಅದಕ್ಕೂ ನಮ್ಮ ಶಾಲೆಗೂ, ನಿನ್ನೆ ಇದೇ ವೇದಿಕೆಯಲ್ಲಿ ಆದ ಒಂದು ತೀರ್ಮಾನಕ್ಕೂ ಸಂಬಂಧ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮಕ್ಕಳೇ, ನೀವು ಪ್ರಾಜೆಕ್ಟ್ ಬರೆಯುವಾಗ ಮೊಬೈಲಿನಲ್ಲಿ ವಿಕಿಪೀಡಿಯ ನೋಡುತ್ತೀರಿ. 2001ರ ಜನವರಿ 15ರಂದು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬ ಇಬ್ಬರು ಅಮೆರಿಕನ್ನರು ಶುರು ಮಾಡಿದ ವಿಶ್ವಕೋಶ ಅದು. ಇಂಗ್ಲಿಷಿನಲ್ಲಿ ಅದರ ಲೇಖನಗಳು 60 ಲಕ್ಷ ದಾಟಿವೆ. ಬರೆದವರಿಗೆ ಯಾರೂ ಸಂಬಳ ಕೊಟ್ಟಿಲ್ಲ. ನೀವು ಬಳಸುವ ಆಂಡ್ರಾಯ್ಡ್ ಫೋನಿನ ಒಳಗೆ ಲಿನಕ್ಸ್ ಎಂಬ ತಂತ್ರಾಂಶ ಇದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಅದನ್ನು ಆರಂಭಿಸಿ, ಯಾರು ಬೇಕಾದರೂ ತಿದ್ದಲಿ ಎಂದು ಹೊರಗೆ ಬಿಟ್ಟ. ಅದೇ ವರ್ಷ ನೆದರ್‌ಲ್ಯಾಂಡ್ಸಿನ ಗೈಡೋ ವಾನ್ ರಾಸಮ್ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಹೊರತಂದರು. ಇವತ್ತು ಎಐ ಎಂದು ಎಲ್ಲರೂ ಮಾತಾಡುತ್ತಾರಲ್ಲ, ಅದರ ಬಹುಪಾಲು ಕೆಲಸ ನಡೆಯುವುದು ಪೈಥಾನ್‌ನಲ್ಲಿ.

ಇವೆಲ್ಲಕ್ಕೂ ಒಂದು ಸಮಾನ ಗುಣ ಇದೆ. ಇವು ಯಾವ ಒಬ್ಬ ಸಾಹುಕಾರನ ಆಸ್ತಿಯೂ ಅಲ್ಲ. ಒಂದೂರಿನವರಲ್ಲದ, ಒಬ್ಬರ ಮುಖ ಒಬ್ಬರು ನೋಡದ ಸಾವಿರಾರು ಜನ ಸೇರಿ ಕಟ್ಟಿದ್ದು. ಹಾಗಾದರೆ ಇವನ್ನು ನಡೆಸುವವರು ಯಾರು? ಜಗಳ ಬಂದರೆ ಪಂಚಾಯಿತಿ ಮಾಡುವವರು ಯಾರು? ಒಬ್ಬ ಹಾಳು ಮಾಡಿದರೆ ಅವನನ್ನು ಹೊರಗೆ ಹಾಕುವ ಅಧಿಕಾರ ಯಾರದು? ಆ ಅಧಿಕಾರ ಅವರಿಗೆ ಕೊಟ್ಟವರು ಯಾರು?

"ಅಲ್ಲಿ ಯಜಮಾನರೇ ಇಲ್ಲ, ಎಲ್ಲರೂ ಸಮಾನರು" ಎಂದು ಹೊಗಳಿಕೆಯ ಮಾತು ಕೇಳಿರುತ್ತೀರಿ. ಅದು ಅರ್ಧ ಸತ್ಯ. ಅಮೆರಿಕದ ಜೋ ಫ್ರೀಮನ್ ಎಂಬ ಸ್ತ್ರೀವಾದಿ ಚಿಂತಕಿ 1970ರಷ್ಟು ಹಿಂದೆಯೇ ಒಂದು ಮಾತು ಎಚ್ಚರಿಸಿ ಹೇಳಿದ್ದರು. ನಮ್ಮ ಗುಂಪಿನಲ್ಲಿ ನಾಯಕರಿಲ್ಲ, ಕಟ್ಟಳೆ ಇಲ್ಲ ಎಂದು ಹೇಳಿಕೊಳ್ಳುವ ಗುಂಪಿನಲ್ಲೂ ನಾಯಕರು ಇದ್ದೇ ಇರುತ್ತಾರೆ. ಅವರು ಯಾರೆಂದು ಬಾಯಿಬಿಟ್ಟು ಹೇಳಿರುವುದಿಲ್ಲ, ಆದ್ದರಿಂದ ಅವರನ್ನು ಪ್ರಶ್ನಿಸಲೂ ಆಗುವುದಿಲ್ಲ ಎಂಬುದು ಅವರ ಮಾತಿನ ಸಾರ. ನಮ್ಮೂರಿನ ಯಾವುದೇ ಜಾತ್ರೆ ಸಮಿತಿ ನೋಡಿದವರಿಗೆ ಇದು ಹೊಸ ವಿಷಯವಲ್ಲ. ಪತ್ರಿಕೆಯಲ್ಲಿ "ಊರಿನ ಸಮಸ್ತರು" ಎಂದು ಅಚ್ಚಾಗಿರುತ್ತದೆ. ತೀರ್ಮಾನ ಯಾರ ಮನೆ ಜಗಲಿಯಲ್ಲಿ ಆಯಿತು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಈಗ ವಿಕಿಪೀಡಿಯ ಹೇಗೆ ನಡೆಯುತ್ತದೆ ನೋಡೋಣ. ಯಾರು ಬೇಕಾದರೂ ಒಂದು ಲೇಖನ ತಿದ್ದಬಹುದು. ಆದರೆ ಪ್ರತಿಯೊಂದು ಲೇಖನದ ತಲೆಯ ಮೇಲೆ ಎರಡು ಬಾಗಿಲು ಇರುತ್ತವೆ. ಒಂದರ ಮೇಲೆ "ಚರ್ಚೆ" ಎಂದಿರುತ್ತದೆ, ಇನ್ನೊಂದು ಇತಿಹಾಸದ ಪುಟಕ್ಕೆ ಹೋಗುತ್ತದೆ. ಹೆಚ್ಚಿನ ಓದುಗರು ಇವೆರಡನ್ನೂ ಒತ್ತಿ ನೋಡುವುದೇ ಇಲ್ಲ. ಇತಿಹಾಸ ಒತ್ತಿದರೆ ಆ ಲೇಖನದ ಮೊದಲ ದಿನದಿಂದ ಇವತ್ತಿನವರೆಗೆ ಯಾವ ಹೊತ್ತಿನಲ್ಲಿ ಯಾವ ಹೆಸರಿನವರು ಯಾವ ಅಕ್ಷರ ಸೇರಿಸಿದರು, ಯಾವುದನ್ನು ತೆಗೆದರು ಎಲ್ಲವೂ ಸಿಗುತ್ತದೆ. ಚರ್ಚೆ ಒತ್ತಿದರೆ ಯಾಕೆ ಸೇರಿಸಿದರು, ಯಾಕೆ ತೆಗೆದರು ಎಂಬ ವಾದ ಸಿಗುತ್ತದೆ. ನಮ್ಮ ಯಾವ ಕಚೇರಿಯ ಕಡತವನ್ನೂ ನಾವು ಹೀಗೆ ಕೂತಲ್ಲೇ ಬಿಚ್ಚಿ ನೋಡಲಾರೆವು.

ಇಬ್ಬರು ಹಠಕ್ಕೆ ಬಿದ್ದು, ಇವನು ಬರೆದದ್ದನ್ನು ಅವನು, ಅವನು ಬರೆದದ್ದನ್ನು ಇವನು ಅಳಿಸುತ್ತಾ ಹೋದರೆ ಅದಕ್ಕೂ ನಿಯಮ ಇದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬ ವ್ಯಕ್ತಿ ಒಂದೇ ಲೇಖನದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಬೇರೆಯವರು ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವ ಹಾಗಿಲ್ಲ. ಇಲ್ಲಿ ಯಾರು ಸರಿ ಎಂಬ ಪ್ರಶ್ನೆಯೇ ಇಲ್ಲ. ನೀನು ಸರಿಯಾಗಿದ್ದರೂ ನಾಲ್ಕನೆಯ ಸಲ ಅಳಿಸಬೇಡ, ಚರ್ಚೆಯ ಪುಟಕ್ಕೆ ಬಂದು ಮಾತಾಡು ಎಂಬುದು ಅದರ ಅರ್ಥ. ಮೀರಿದರೆ ಮೊದಲು ಎಚ್ಚರಿಕೆ, ಆಮೇಲೆ ಒಂದು ದಿನದ ನಿರ್ಬಂಧ, ಮತ್ತೂ ಮೀರಿದರೆ ಹೆಚ್ಚು ದಿನ. ಶಿಕ್ಷೆ ಹಂತ ಹಂತವಾಗಿ ಏರುತ್ತದೆ.

ಈ ನಿರ್ಬಂಧ ಹಾಕುವವರನ್ನು ನಿರ್ವಾಹಕರು ಎನ್ನುತ್ತಾರೆ. ಒಂದು ಪುಟವನ್ನು ಅಳಿಸುವ, ಬೀಗ ಹಾಕುವ, ಒಬ್ಬನನ್ನು ತಡೆಯುವ ಅಧಿಕಾರ ಅವರಿಗಿದೆ. ಬೇರೆ ಬರಹಗಾರರ ಒಪ್ಪಿಗೆಯಿಂದಲೇ ಅವರು ನಿರ್ವಾಹಕರಾಗುತ್ತಾರೆ. ಇಲ್ಲಿ ನನಗೆ ಬಹಳ ಇಷ್ಟವಾದ ಎರಡು ಕಟ್ಟಳೆಗಳಿವೆ. ಒಂದು, ಲೇಖನದಲ್ಲಿ ಏನಿರಬೇಕು ಎಂಬ ಚರ್ಚೆಯಲ್ಲಿ ನಿರ್ವಾಹಕನ ಮಾತಿಗೆ ಉಳಿದವರ ಮಾತಿಗಿಂತ ಹೆಚ್ಚಿನ ತೂಕವಿಲ್ಲ. ಎರಡು, ತಾನೇ ಒಂದು ಪಕ್ಷವಾಗಿರುವ ಜಗಳದಲ್ಲಿ ಅವನು ತನ್ನ ಅಧಿಕಾರ ಬಳಸಬಾರದು. ಬೀಗದ ಕೈ ಅವನ ಸೊಂಟದಲ್ಲಿದ್ದರೂ ತನ್ನ ಜಗಳಕ್ಕೆ ಬೇರೆಯವರನ್ನು ಕರೆಯಬೇಕು. ಇದಕ್ಕೂ ಮೇಲೆ ಇಂಗ್ಲಿಷ್ ವಿಕಿಪೀಡಿಯದಲ್ಲಿ 2004ರಿಂದ ಒಂದು ಪಂಚಾಯಿತಿ ಸಮಿತಿ ಇದೆ. ಬರಹಗಾರರೇ ವರ್ಷಕ್ಕೊಮ್ಮೆ ಚುನಾವಣೆ ಮಾಡಿ ಅದಕ್ಕೆ ಸದಸ್ಯರನ್ನು ಆರಿಸುತ್ತಾರೆ.

ಕಟ್ಟಿದವನಿಗೇ ಇಂಥ ಕಟ್ಟಳೆ ತಗುಲಿದರೆ ಏನಾಗುತ್ತದೆ? 2010ರ ಮೇ ತಿಂಗಳಲ್ಲಿ ಸ್ವತಃ ಜಿಮ್ಮಿ ವೇಲ್ಸ್, ವಿಕಿಪೀಡಿಯದ ಸೋದರ ಯೋಜನೆಯಾದ ಚಿತ್ರಭಂಡಾರದಿಂದ ತಮಗೆ ಸರಿಯಲ್ಲವೆಂದು ಕಂಡ ಕೆಲವು ಚಿತ್ರಗಳನ್ನು ತಾವೇ ಅಳಿಸಿದರು. ಸ್ವಯಂಸೇವಕರು ಎದ್ದು ನಿಂತರು. ಚಿತ್ರ ಬೇಕೋ ಬೇಡವೋ ಆಮೇಲೆ ನೋಡೋಣ, ಚರ್ಚೆ ಮುಗಿಯದೆ ಅಳಿಸಿದ್ದು ಹೇಗೆ ಎಂದು ಕೇಳಿದರು. ಕೊನೆಗೆ ವೇಲ್ಸ್ ಸಂಸ್ಥಾಪಕರೆಂಬ ಕಾರಣಕ್ಕೆ ತಮಗಿದ್ದ ವಿಶೇಷ ಅಧಿಕಾರಗಳಲ್ಲಿ ಹಲವನ್ನು ತಾವಾಗಿಯೇ ಬಿಟ್ಟುಕೊಟ್ಟರು. ಅವರು ಇವತ್ತಿಗೂ ಗೌರವಾನ್ವಿತರು. ಗೌರವ ಬೇರೆ, ಬೀಗದ ಕೈ ಬೇರೆ.

ಪೈಥಾನ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಗೈಡೋ ಅವರನ್ನು ಜನ ತಮಾಷೆಗೆ "ಆಜೀವ ದಯಾಳು ಸರ್ವಾಧಿಕಾರಿ" ಎಂದು ಕರೆಯುತ್ತಿದ್ದರು. ಭಾಷೆಗೆ ಏನು ಸೇರಬೇಕು, ಏನು ಸೇರಬಾರದು ಎಂಬುದರಲ್ಲಿ ಕಡೆಯ ಮಾತು ಅವರದು. ಸುಮಾರು 27 ವರ್ಷ ಹೀಗೇ ನಡೆಯಿತು. 2018ರಲ್ಲಿ ಒಂದು ಸಣ್ಣ ಚಿಹ್ನೆಯನ್ನು ಭಾಷೆಗೆ ಸೇರಿಸುವ ವಿಚಾರದಲ್ಲಿ ಭಾರೀ ವಾಗ್ವಾದ ಎದ್ದಿತು. ಗೈಡೋ ಸೇರಿಸುವ ತೀರ್ಮಾನ ಕೊಟ್ಟರು. ಆದರೆ ಆ ಜಗಳ ಅವರನ್ನು ಎಷ್ಟು ದಣಿಸಿತೆಂದರೆ, ಜುಲೈ 12ರಂದು ಪತ್ರ ಬರೆದು ಆ ಸ್ಥಾನದಿಂದ ಇಳಿದುಬಿಟ್ಟರು. ನನ್ನ ಉತ್ತರಾಧಿಕಾರಿಯನ್ನು ನಾನು ನೇಮಿಸುವುದಿಲ್ಲ, ಪ್ರಜಾಪ್ರಭುತ್ವವೋ ಅರಾಜಕತೆಯೋ ಇನ್ನೊಬ್ಬ ಸರ್ವಾಧಿಕಾರಿಯೋ ನೀವೇ ತೀರ್ಮಾನಿಸಿಕೊಳ್ಳಿ ಎಂದರು.

ಯಜಮಾನ ಎದ್ದುಹೋದ ಮನೆ ಏನಾಗುತ್ತದೆ ಎಂದು ನಮಗೆ ಗೊತ್ತು. ಇಲ್ಲಿ ಹಾಗಾಗಲಿಲ್ಲ. ಅವಸರ ಮಾಡದೆ ಹಲವರು ಹಲವು ಬಗೆಯ ಆಡಳಿತದ ಕರಡು ಬರೆದರು. ಒಬ್ಬನೇ ನಾಯಕ ಇರಲಿ ಎಂಬವರಿದ್ದರು, ಮೂವರು ಇರಲಿ ಎಂಬವರಿದ್ದರು. 2018ರ ಡಿಸೆಂಬರಿನಲ್ಲಿ ಮತ ಹಾಕಿ ಐವರ ಮಂಡಳಿಯನ್ನು ಆರಿಸುವ ಪದ್ಧತಿಯನ್ನು ಒಪ್ಪಿದರು. 2019ರ ಆರಂಭದಲ್ಲಿ ಮೊದಲ ಚುನಾವಣೆ ನಡೆಯಿತು. ಗೈಡೋ ಕೂಡ ಎಲ್ಲರಂತೆ ಉಮೇದುವಾರರಾಗಿ ನಿಂತು, ಐವರಲ್ಲಿ ಒಬ್ಬರಾಗಿ ಗೆದ್ದು ಕೂತರು. 27 ವರ್ಷ ಕಡೆಯ ಮಾತು ಆಡಿದವರಿಗೆ ಆಗ ಐದರಲ್ಲಿ ಒಂದು ಮತ.

ಆ ಮಂಡಳಿಯ ಒಂದು ನಿಯಮವನ್ನು ನಮ್ಮ ಹಿರಿಯರು ಗಮನಿಸಬೇಕು. ಐವರಲ್ಲಿ ಒಂದೇ ಕಂಪನಿಯ ಕೆಲಸಗಾರರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಪೈಥಾನ್ ಬಳಸುವ ದೊಡ್ಡ ಕಂಪನಿಗಳಿಗೆ ತಮ್ಮವರನ್ನು ನಿಲ್ಲಿಸಿ ಗೆಲ್ಲಿಸುವುದು ಕಷ್ಟವಲ್ಲ. ಹಣ ಇರುವವರು ಒಳ್ಳೆಯವರೇ ಇರಬಹುದು. ಆದರೂ ಮೂರನೆಯ ಕುರ್ಚಿ ಅವರಿಗೆ ಸಿಗುವುದಿಲ್ಲ ಎಂದು ಮೊದಲೇ ಬರೆದಿಟ್ಟರು. ಜಗಳ ಬರುವ ಮುಂಚೆ, ಎಲ್ಲರೂ ಸ್ನೇಹದಲ್ಲಿ ಇರುವಾಗಲೇ ಇಂಥದ್ದನ್ನು ಬರೆಯಬೇಕು. ಜಗಳ ಬಂದ ಮೇಲೆ ಬರೆದ ನಿಯಮ ಯಾರದೋ ಒಬ್ಬರ ಮುಖ ನೋಡಿ ಬರೆದದ್ದಾಗಿರುತ್ತದೆ.

ಡೆಬಿಯನ್ ಎಂಬ ಇನ್ನೊಂದು ಸಮುದಾಯವಿದೆ. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಕಟ್ಟಿದ್ದು. ಲಿನಕ್ಸ್ ಆಧರಿಸಿದ ಒಂದು ಸಂಪೂರ್ಣ ಕಂಪ್ಯೂಟರ್ ವ್ಯವಸ್ಥೆಯನ್ನು ಅವರು ಸಿದ್ಧಪಡಿಸಿ ಉಚಿತವಾಗಿ ಕೊಡುತ್ತಾರೆ. ಜಗತ್ತಿನ ಎಷ್ಟೋ ಸರ್ವರುಗಳು ಅದರ ಮೇಲೆ ಓಡುತ್ತಿವೆ. ಬೇರೆ ಬೇರೆ ದೇಶಗಳ ಸುಮಾರು ಸಾವಿರ ಸ್ವಯಂಸೇವಕರು ಅದರ ಸದಸ್ಯರು. 1998ರಲ್ಲಿ ಅವರು ತಮಗೊಂದು ಸಂವಿಧಾನ ಬರೆದುಕೊಂಡರು. ನಾಯಕನ ಚುನಾವಣೆ ಪ್ರತಿ ವರ್ಷ. ಮತದಾರರು ಒಬ್ಬರಿಗೆ ಮಾತ್ರ ಗುರುತು ಹಾಕುವುದಿಲ್ಲ. ಮೊದಲು ಇವರು, ಆಮೇಲೆ ಇವರು ಎಂದು ಎಲ್ಲರನ್ನೂ ತಮ್ಮ ಇಷ್ಟದ ಕ್ರಮದಲ್ಲಿ ಬರೆಯುತ್ತಾರೆ. "ಮೇಲಿನ ಯಾರೂ ಬೇಡ" ಎಂಬ ಆಯ್ಕೆಯೂ ಪಟ್ಟಿಯಲ್ಲಿರುತ್ತದೆ. ನಮ್ಮ ಮತಯಂತ್ರಕ್ಕೆ ನೋಟಾ ಬಂದದ್ದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಆದರೆ ಒಂದು ವ್ಯತ್ಯಾಸವಿದೆ. ಡೆಬಿಯನ್‌ನಲ್ಲಿ ಯಾರಾದರೂ ಗೆಲ್ಲಬೇಕಾದರೆ ಆ "ಯಾರೂ ಬೇಡ" ಎಂಬುದನ್ನೂ ಸೋಲಿಸಲೇಬೇಕು.

ಅದೇ ಸಂವಿಧಾನದಲ್ಲಿ ಇನ್ನೊಂದು ಮಾತಿದೆ. ಈ ಸಂವಿಧಾನ ಯಾರ ಮೇಲೂ ಕೆಲಸ ಮಾಡಲೇಬೇಕೆಂಬ ಹೊರೆ ಹೇರುವುದಿಲ್ಲ. ಅಂದರೆ ನಾಯಕ ಗೆದ್ದ ಮೇಲೂ ಯಾರಿಗೂ "ಇದನ್ನು ಮಾಡು" ಎಂದು ಹುಕುಂ ಕೊಡಲಾರ. ಕೇಳಿಕೊಳ್ಳಬಹುದು, ಒಪ್ಪಿಸಬಹುದು. ಅವನ ತೀರ್ಮಾನ ಸದಸ್ಯರಿಗೆ ಒಪ್ಪಿಗೆಯಾಗದಿದ್ದರೆ ಮತ ಹಾಕಿ ಅದನ್ನು ರದ್ದು ಮಾಡಬಹುದು. ಸಂಬಳವಿಲ್ಲದೆ ಬಂದವರನ್ನು ನಡೆಸಿಕೊಳ್ಳುವ ರೀತಿ ಇದೊಂದೇ.

ಹೀಗಿದ್ದರೂ ಒಪ್ಪಿಗೆಯಾಗದಿದ್ದರೆ? ಆಗ ಬೇರೆ ಹೋಗಬಹುದು. ಮುಕ್ತ ತಂತ್ರಾಂಶದಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಹಕ್ಕು. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದರೆ ನಾಲ್ಕು ಎಕರೆ ಎರಡೆರಡಾಗುತ್ತದೆ, ಬಾವಿಗೆ ಸರದಿ ಬರುತ್ತದೆ. ತಂತ್ರಾಂಶ, ವಿಶ್ವಕೋಶ ಹಾಗಲ್ಲ. ಪೂರ್ತಿ ನಕಲು ತೆಗೆದುಕೊಂಡು ಹೋದರೂ ಮನೆಯಲ್ಲಿ ಪೂರ್ತಿ ಉಳಿದಿರುತ್ತದೆ. 2002ರ ಫೆಬ್ರವರಿಯಲ್ಲಿ ವಿಕಿಪೀಡಿಯದ ಮೇಲೆ ಜಾಹೀರಾತು ಬರಬಹುದೆಂಬ ಮಾತು ಕೇಳಿಬಂದಾಗ ಸ್ಪ್ಯಾನಿಷ್ ಭಾಷೆಯ ಬರಹಗಾರರು ಅದನ್ನು ಒಪ್ಪದೆ, ತಾವು ಬರೆದದ್ದನ್ನೆಲ್ಲ ಎತ್ತಿಕೊಂಡು ಸೆವಿಲ್ ವಿಶ್ವವಿದ್ಯಾಲಯದ ಸರ್ವರಿನಲ್ಲಿ ಬೇರೆ ವಿಶ್ವಕೋಶ ತೆರೆದರು. ಸ್ಪ್ಯಾನಿಷ್ ವಿಕಿಪೀಡಿಯ ಬಹುಕಾಲ ಸೊರಗಿತು. ವಿಕಿಪೀಡಿಯದಲ್ಲಿ ಇವತ್ತಿಗೂ ಜಾಹೀರಾತಿಲ್ಲ. ಹೊರಗೆ ಹೋಗುವ ಬಾಗಿಲು ತೆರೆದಿದ್ದರೆ ಒಳಗೆ ಕೂತ ಯಜಮಾನ ಮಾತು ಕೇಳುತ್ತಾನೆ. 2010ರಲ್ಲಿ ಓಪನ್ ಆಫೀಸ್ ಒಂದು ದೊಡ್ಡ ಕಂಪನಿಯ ಕೈಗೆ ಹೋದಾಗ ಅದನ್ನು ಕಟ್ಟುತ್ತಿದ್ದ ಹಲವರು ಹೀಗೇ ಹೊರಬಂದು ಲಿಬ್ರೆ ಆಫೀಸ್ ಮಾಡಿದರು. ಕಂಪ್ಯೂಟರಿನಲ್ಲಿ ಪತ್ರ ಬರೆಯಲು, ಲೆಕ್ಕದ ಹಾಳೆ ಮಾಡಲು ಅದನ್ನು ಇವತ್ತು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹಾಡಿ ಹೊಗಳಿದಂತಾಗುತ್ತದೆ. ಕೆಟ್ಟುಹೋದ ಕಥೆಗಳನ್ನೂ ಹೇಳಬೇಕು. ಅವು ನಮಗೆ ಹೆಚ್ಚು ಹತ್ತಿರದವು.

ಕ್ರೊಯೇಷಿಯಾ ಯುರೋಪಿನ ಒಂದು ಚಿಕ್ಕ ದೇಶ. ಅಲ್ಲಿನ ಭಾಷೆಯ ವಿಕಿಪೀಡಿಯವನ್ನು ಒಂದೇ ಮನಸ್ಸಿನ ಕೆಲವು ನಿರ್ವಾಹಕರು ಸೇರಿ ಸುಮಾರು ಹತ್ತು ವರ್ಷ ಹಿಡಿತದಲ್ಲಿ ಇಟ್ಟುಕೊಂಡಿದ್ದರು. ಎರಡನೆಯ ಮಹಾಯುದ್ಧದ ಕಾಲದ ಫ್ಯಾಸಿಸ್ಟ್ ಆಡಳಿತದ ಕ್ರೌರ್ಯವನ್ನು ತೆಳುಮಾಡಿ ಬರೆದರು. ಪ್ರಶ್ನಿಸಿದವರನ್ನು ನಿರ್ಬಂಧಿಸಿ ಹೊರಗೆ ಹಾಕಿದರು. ನಿಯಮ ಪುಸ್ತಕ ಇತ್ತು, ಮತದಾನವೂ ಇತ್ತು. ಆದರೆ ಮತ ಹಾಕಲು ಉಳಿದವರು ಅವರ ಕಡೆಯವರೇ. 2013ರಲ್ಲಿ ಆ ದೇಶದ ಶಿಕ್ಷಣ ಮಂತ್ರಿಯೇ ವಿದ್ಯಾರ್ಥಿಗಳಿಗೆ, ನಮ್ಮ ಭಾಷೆಯ ವಿಕಿಪೀಡಿಯವನ್ನು ನಂಬಬೇಡಿ ಎಂದು ಬಹಿರಂಗವಾಗಿ ಹೇಳಬೇಕಾಯಿತು. 2021ರಲ್ಲಿ ವಿಕಿಮೀಡಿಯ ಪ್ರತಿಷ್ಠಾನ ಈ ಬಗ್ಗೆ ವರದಿ ಪ್ರಕಟಿಸಿತು. ಅಷ್ಟರಲ್ಲಿ ಒಂದು ತಲೆಮಾರಿನ ಹೈಸ್ಕೂಲು ಮಕ್ಕಳು ಅದನ್ನೇ ಓದಿ ಮುಗಿಸಿದ್ದರು.

ಇನ್ನೊಂದು ಸ್ಕಾಟ್ಸ್ ಭಾಷೆಯದು. 2020ರಲ್ಲಿ ಗೊತ್ತಾದದ್ದೇನೆಂದರೆ, ಆ ಭಾಷೆಯ ವಿಕಿಪೀಡಿಯದ ಸಾವಿರಾರು ಲೇಖನಗಳನ್ನು ಬರೆದವನು ಅಮೆರಿಕದ ಒಬ್ಬ ಹುಡುಗ. ಅವನಿಗೆ ಆ ಭಾಷೆ ಬರುತ್ತಿರಲಿಲ್ಲ. ಇಂಗ್ಲಿಷ್ ಪದಗಳಿಗೆ ನಿಘಂಟು ನೋಡಿ ಬೇರೆ ಪದ ಹಾಕುತ್ತಾ ಹೋಗಿದ್ದ. ಅವನಿಗೆ ಕೇಡಿನ ಉದ್ದೇಶ ಇರಲಿಲ್ಲ, ಸೇವೆ ಮಾಡುತ್ತಿದ್ದೇನೆ ಎಂದೇ ನಂಬಿದ್ದ. ಅಂಥವನು ನಿರ್ವಾಹಕನೂ ಆಗಿದ್ದ. ವರ್ಷಗಟ್ಟಲೆ ಯಾರೂ ತಡೆಯಲಿಲ್ಲ, ಏಕೆಂದರೆ ಭಾಷೆ ಬಲ್ಲವರು ಅಲ್ಲಿಗೆ ಬಂದು ಬರೆಯುತ್ತಿರಲಿಲ್ಲ. ಅಧಿಕಾರವನ್ನು ಒಬ್ಬನು ಕಿತ್ತುಕೊಳ್ಳಲೇಬೇಕೆಂದಿಲ್ಲ. ಉಳಿದವರು ಮನೆಯಲ್ಲಿ ಕೂತರೆ ಅದು ತಾನಾಗಿಯೇ ಬಂದವನ ಮಡಿಲಿಗೆ ಬೀಳುತ್ತದೆ.

ಮೂರನೆಯದು ನಮ್ಮ ವೃತ್ತಿಯವರ ನಿದ್ದೆಗೆಡಿಸಿದ್ದು. ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶವಿದೆ, ಕಡತಗಳನ್ನು ಒತ್ತಿ ಚಿಕ್ಕದು ಮಾಡುವುದು ಅದರ ಕೆಲಸ. ಲೋಕದ ತುಂಬ ಬಳಕೆಯಲ್ಲಿರುವ ಅದನ್ನು ನೋಡಿಕೊಳ್ಳುತ್ತಿದ್ದವರು ಮುಖ್ಯವಾಗಿ ಒಬ್ಬರೇ, ಅದೂ ಸಂಬಳವಿಲ್ಲದೆ. ಅವರು ದಣಿದಿದ್ದರು. 2021ರಿಂದ ಒಂದು ಹೆಸರಿನವನು ಬಂದು ವಿನಯದಿಂದ ಸಹಾಯ ಮಾಡತೊಡಗಿದ. ಬೇರೆ ಕೆಲವು ಹೆಸರಿನವರು "ಕೆಲಸ ನಿಧಾನವಾಗುತ್ತಿದೆ, ಜವಾಬ್ದಾರಿ ಬೇರೆಯವರಿಗೆ ಕೊಡಿ" ಎಂದು ಒತ್ತಡ ಹಾಕಿದರು. ಕೊಟ್ಟರು. 2024ರಲ್ಲಿ ಆ ಸಹಾಯಕ ಅದರೊಳಗೆ ಕಳ್ಳಗಂಡಿ ಕೊರೆದು ಇಟ್ಟಿದ್ದ. ಅದರ ಮೂಲಕ ಯಾವ ಸರ್ವರಿಗೆ ಬೇಕಾದರೂ ನುಗ್ಗುವ ಹುನ್ನಾರ. ಮಾರ್ಚ್ 29ರಂದು ಅದನ್ನು ಬಯಲಿಗೆ ತಂದವರು ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್. ಸರ್ವರಿಗೆ ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ, ಯಾಕೆ ಎಂದು ಅವರು ಬೆನ್ನುಹತ್ತಿದ್ದರು. ಕೋಡ್ ಎಲ್ಲರಿಗೂ ತೆರೆದಿದ್ದುದರಿಂದ ಹುಡುಕಿ ಹಿಡಿಯಲು ಸಾಧ್ಯವಾಯಿತು. ಆದರೆ ತೆರೆದಿದೆ ಎಂದ ಮಾತ್ರಕ್ಕೆ ಯಾರೋ ನೋಡುತ್ತಿದ್ದಾರೆ ಎಂದಲ್ಲ. ಇಡೀ ಲೋಕ ನಂಬಿ ಕೂತ ಕೆಲಸವನ್ನು ದಣಿದ ಒಬ್ಬನ ಹೆಗಲ ಮೇಲೆ ಬಿಟ್ಟು, "ಪುಣ್ಯಾತ್ಮ ನೋಡಿಕೊಳ್ಳುತ್ತಾನೆ" ಎಂದು ಮಲಗಿದ್ದರ ಫಲ ಅದು.

ಇಂಥ ಪ್ರಶ್ನೆಗಳನ್ನು ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಹಳ್ಳಿಗರು ಎದುರಿಸಿದ್ದಾರೆ. ಎಲಿನಾರ್ ಆಸ್ಟ್ರಮ್ ಎಂಬ ಅಮೆರಿಕದ ವಿದ್ವಾಂಸೆ ಸ್ಪೇನಿನ ಕಾಲುವೆಗಳು, ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳು, ಜಪಾನಿನ ಹಳ್ಳಿಯ ಕಾಡುಗಳು, ನೇಪಾಳದ ನೀರಾವರಿ ಇವನ್ನೆಲ್ಲ ಅಧ್ಯಯನ ಮಾಡಿದರು. ಎಲ್ಲರ ಆಸ್ತಿ ಎಂದರೆ ಹಾಳಾಗಲೇಬೇಕು ಎಂಬ ವಾದ ಸುಳ್ಳೆಂದು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಉಳಿದುಬಂದ ವ್ಯವಸ್ಥೆಗಳಲ್ಲಿ ಅವರು ಕಂಡದ್ದು ಸರಳ ಸಂಗತಿಗಳು: ಯಾರು ಹಕ್ಕುದಾರರು ಎಂಬುದು ಸ್ಪಷ್ಟವಿರುತ್ತದೆ. ನಿಯಮ ಯಾರಿಗೆ ತಗುಲುತ್ತದೋ ಅವರೇ ಅದನ್ನು ಮಾಡುವುದರಲ್ಲಿ ಭಾಗವಹಿಸುತ್ತಾರೆ. ಕಾಯುವವನು ಊರಿಗೆ ಉತ್ತರ ಹೇಳಬೇಕಾಗಿರುತ್ತದೆ. ತಪ್ಪಿಗೆ ಶಿಕ್ಷೆ ಹಂತ ಹಂತವಾಗಿರುತ್ತದೆ. ಜಗಳ ಬಗೆಹರಿಸಿಕೊಳ್ಳಲು ಹತ್ತಿರದಲ್ಲೇ, ಖರ್ಚಿಲ್ಲದ ಜಾಗವೊಂದಿರುತ್ತದೆ.

ನಮ್ಮ ಹಿರಿಯರಿಗೆ ನೀರಗಂಟಿ ಗೊತ್ತು. ಕೆರೆಯ ತೂಬು ಎತ್ತುವವನು ಅವನೇ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಿಡುವವನೂ ಅವನೇ. ಆದರೆ ಕೆರೆ ಅವನದಲ್ಲ. ಬೆಳೆ ಬಂದಾಗ ಅವನಿಗೆ ಇಂತಿಷ್ಟು ಕಾಳು ಎಂದು ಊರು ಕೊಡುತ್ತಿತ್ತು, ಪಕ್ಷಪಾತ ಮಾಡಿದರೆ ಊರೇ ಕೇಳುತ್ತಿತ್ತು. ವಿಕಿಪೀಡಿಯದ ನಿರ್ವಾಹಕನೂ, ಡೆಬಿಯನ್ನಿನ ನಾಯಕನೂ ಈ ನೀರಗಂಟಿಯ ಜಾತಿಯವರೇ. ಹಳೆಯ ವ್ಯವಸ್ಥೆಯನ್ನು ನಾನು ಚಿನ್ನದ ಕಾಲ ಎನ್ನುತ್ತಿಲ್ಲ. ಆ ಕಟ್ಟೆಯಲ್ಲಿ ಕೂತು ಮಾತಾಡುವ ಹಕ್ಕು ಎಲ್ಲ ಜಾತಿಗೂ ಇರಲಿಲ್ಲ, ಹೆಂಗಸರಿಗಂತೂ ಇರಲೇ ಇಲ್ಲ. ಇದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ವಿಕಿಪೀಡಿಯದಲ್ಲೂ ಬರೆಯುವವರಲ್ಲಿ ಹೆಂಗಸರು ಬಹಳ ಕಡಿಮೆ ಎಂಬ ಕೊರಗು ಇದೆ. ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ಬಂದವರಿಗೆ ಕೂರಲು ಜಾಗ ಕೊಡಬೇಕು.

ಈಗ ನಮ್ಮ ಮಾತಿಗೆ ಬರುತ್ತೇನೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಅಲ್ಲಿ ಎಲ್ಲರೂ ಸೇರಿ ಚರ್ಚಿಸುವ ಪುಟಕ್ಕೆ ಇಟ್ಟಿರುವ ಹೆಸರು ಏನು ಗೊತ್ತೆ? "ಅರಳಿ ಕಟ್ಟೆ". ಹೆಸರು ಬಹಳ ಚೆನ್ನಾಗಿದೆ, ಕಟ್ಟೆ ಮಾತ್ರ ಬಹಳ ಹೊತ್ತು ಖಾಲಿ ಇರುತ್ತದೆ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 30 ಲಕ್ಷಕ್ಕೂ ಹೆಚ್ಚು. ಕನ್ನಡ ವಿಕಿಪೀಡಿಯದಲ್ಲಿ ಬಿಡದೆ ಬರೆಯುತ್ತಿರುವವರ ಹೆಸರುಗಳನ್ನು ನಮ್ಮ ಶಾಲೆಯ ಹಾಜರಾತಿ ಪುಸ್ತಕದಲ್ಲೇ ಬರೆದು ಮುಗಿಸಬಹುದು. ಅವರು ಇಷ್ಟು ವರ್ಷ ಮಾಡಿದ ಕೆಲಸ ದೊಡ್ಡದು, ಅವರಿಗೆ ಕೈಮುಗಿಯಬೇಕು. ಆದರೆ ಕ್ರೊಯೇಷಿಯಾ, ಸ್ಕಾಟ್ಸ್ ಕಥೆಗಳು ಹೇಳುವುದು ಇದನ್ನೇ: ಬರೆಯುವವರು ಕಡಿಮೆ ಇರುವ ಕಡೆ ಎಲ್ಲವೂ ಆ ಕೆಲವರ ಒಳ್ಳೆಯತನವನ್ನೇ ನಂಬಿರುತ್ತದೆ. ಈಗ ಎಐ ಯಂತ್ರಗಳು ಕನ್ನಡ ಕಲಿಯುವುದೂ ಇಂಥ ಬರಹಗಳಿಂದಲೇ. ನಾಳೆ ನಿಮ್ಮ ಮಗಳು ಯಂತ್ರವನ್ನು ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದರೆ ಬರುವ ಉತ್ತರದಲ್ಲಿ, ಇವತ್ತು ಅಲ್ಲಿ ಯಾರು ಬರೆದರು, ಯಾರು ಬರೆಯದೆ ಕೂತರು ಎಂಬುದರ ಪಾಲಿರುತ್ತದೆ.

ಆದ್ದರಿಂದ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ನನ್ನ ಕೋರಿಕೆ. ನಮ್ಮ ತಾಲ್ಲೂಕಿನ ಕೆರೆ, ಬೆಟ್ಟ, ದೇವಸ್ಥಾನ, ಬೆಳೆ ಇವುಗಳ ಬಗ್ಗೆ ಗೆಜೆಟಿಯರಿನಲ್ಲಿ, ಅಚ್ಚಾದ ಪುಸ್ತಕಗಳಲ್ಲಿ ಇರುವುದನ್ನು ಹುಡುಕಿ, ಆಧಾರ ಕೊಟ್ಟು ಬರೆಯಿರಿ. ಯಾರಾದರೂ ಅಳಿಸಿದರೆ ಸಿಟ್ಟಾಗಬೇಡಿ. ಚರ್ಚೆಯ ಪುಟಕ್ಕೆ ಹೋಗಿ ಯಾಕೆ ಎಂದು ಕೇಳಿ. ನಮ್ಮ ಸಮಾಜ ಮೇಷ್ಟ್ರು ಶಾಲಾ ಸಂಸತ್ತಿನ ಚುನಾವಣೆ ಮಾಡಿಸುತ್ತಿದ್ದಾಗ ಒಂದು ಮಾತು ಹೇಳುತ್ತಿದ್ದರು, ಗೆದ್ದವನು ಯಾಕೆ ಗೆದ್ದ ಎಂದು ಸೋತವನಿಗೂ ಅರ್ಥವಾಗಬೇಕು ಎಂದು. ಅದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಎರಡನೆಯದು ನಮ್ಮ ದೊಡ್ಡವರಿಗೆ. ನಿನ್ನೆ ಇಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ಕಟ್ಟಬೇಕು, ಗ್ರಂಥಾಲಯಕ್ಕೂ ಕಂಪ್ಯೂಟರ್ ಕೊಠಡಿಗೂ ಒಂದು ನಿಧಿ ಕೂಡಿಸಬೇಕು ಎಂದು ತೀರ್ಮಾನವಾಯಿತು. ಎಲ್ಲರೂ ಕೈ ಎತ್ತಿದರು, ಚಪ್ಪಾಳೆ ಬಿತ್ತು. ರಾತ್ರಿಯೇ ವಾಟ್ಸಾಪ್ ಗುಂಪು ಆಯಿತು. ಬೆಳಗಾಗುವಷ್ಟರಲ್ಲಿ "ಅಡ್ಮಿನ್ ಯಾರು, ಅವರನ್ನು ಮಾಡಿದವರು ಯಾರು" ಎಂಬ ಮಾತೂ ಬಂತು. ಕೆಲವರಿಗೆ ಇದು ಕಿರಿಕಿರಿ ಅನ್ನಿಸಿರಬಹುದು. ನನಗೆ ಅದು ಒಳ್ಳೆಯ ಪ್ರಶ್ನೆ ಅನ್ನಿಸಿತು. ನಾವಿನ್ನೂ ಒಂದು ರೂಪಾಯಿಯನ್ನೂ ಕೂಡಿಸಿಲ್ಲ, ಯಾರ ಮೇಲೂ ಯಾರಿಗೂ ಸಿಟ್ಟಿಲ್ಲ. ನಿಯಮ ಬರೆಯಲು ಇದೇ ಹೊತ್ತು.

ನನ್ನ ಸಲಹೆ ಐದು. ಸಂಘವನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಾಯಿಸೋಣ, ಆಗ ವರ್ಷಕ್ಕೊಮ್ಮೆ ಸಭೆ, ಲೆಕ್ಕ ತಾನಾಗಿಯೇ ಬರುತ್ತದೆ. ಬ್ಯಾಂಕಿನ ಖಾತೆ ಯಾರೊಬ್ಬರ ಹೆಸರಿನಲ್ಲೂ ಬೇಡ. ಸಂಘದ ಹೆಸರಿನಲ್ಲಿ ಇರಲಿ, ಇಬ್ಬರ ರುಜು ಇಲ್ಲದೆ ದುಡ್ಡು ತೆಗೆಯುವ ಹಾಗಿರಬಾರದು. ಬಂದದ್ದು ಹೋದದ್ದು ಪ್ರತಿ ತಿಂಗಳು ಶಾಲೆಯ ನೋಟಿಸ್ ಬೋರ್ಡಿನಲ್ಲೂ ಗುಂಪಿನಲ್ಲೂ ಹಾಕೋಣ, ಅದೇ ನಮ್ಮ "ಇತಿಹಾಸ" ಪುಟ. ಕಾರ್ಯಕಾರಿ ಸಮಿತಿಯಲ್ಲಿ ಒಂದೇ ಬ್ಯಾಚಿನವರು, ಒಂದೇ ಮನೆತನದವರು ಇಬ್ಬರಿಗಿಂತ ಹೆಚ್ಚು ಬೇಡ. ಹೆಣ್ಣುಮಕ್ಕಳು ಇರಲೇಬೇಕು, ಊರಿನಲ್ಲೇ ಉಳಿದವರೂ ಇರಲೇಬೇಕು. ಹೆಚ್ಚು ದುಡ್ಡು ಕೊಟ್ಟವರಿಗೂ ಒಂದೇ ಮತ, ನೂರು ರೂಪಾಯಿ ಕೊಟ್ಟವರಿಗೂ ಒಂದೇ ಮತ. ಬೆಂಗಳೂರಿನಿಂದ ಬರುವ ನಮ್ಮಂಥವರಿಗೆ ಈ ಕಡೆಯ ಮಾತು ಸ್ವಲ್ಪ ಕಷ್ಟವಾದರೂ ಒಳ್ಳೆಯದು.

ಕೊನೆಗೆ ಒಂದು ಮಾತು ಸೇರಿಸುತ್ತೇನೆ. ಯಾರಾದರೂ ಒಬ್ಬರು ಮುಂದೆ ಬಂದು ಎಲ್ಲ ಕೆಲಸವನ್ನೂ ತಲೆಯ ಮೇಲೆ ಹೊತ್ತುಕೊಂಡರೆ ಅವರಿಗೆ ಹಾರ ಹಾಕಿ ಸುಮ್ಮನಾಗಬೇಡಿ. ಪಕ್ಕಕ್ಕೆ ಹೋಗಿ ನಿಂತು ಅರ್ಧ ಹೊರೆ ಇಳಿಸಿಕೊಳ್ಳಿ. ಲೆಕ್ಕ ಕೇಳುವುದು ಅನುಮಾನವಲ್ಲ, ಅದೂ ಒಂದು ಬಗೆಯ ಸಹಾಯ. ಈ ಶಾಲೆ 50 ವರ್ಷ ನಿಂತದ್ದು ಯಾರೋ ಜಾಗ ಕೊಟ್ಟರು, ಯಾರೋ ಹೆಂಚು ಹೊತ್ತರು, ಮೇಷ್ಟ್ರುಗಳು ಗಂಟೆ ಮುಗಿದ ಮೇಲೂ ಪಾಠ ಮಾಡಿದರು ಎಂಬ ಕಾರಣಕ್ಕೆ. ಮುಂದಿನ 50 ವರ್ಷಕ್ಕೆ ಬೇಕಾದದ್ದು ಅಷ್ಟೇ ಒಳ್ಳೆಯ ಮನಸ್ಸು, ಜೊತೆಗೆ ಬರೆದಿಟ್ಟ ನಾಲ್ಕು ಸಾಲು ನಿಯಮ.